ಕೊರಳಿನ ಮಾನ

ನಮ್ಮ ಮಾವ ಮಲಕಾರಿಯವರಿಗೆ ಊರಲ್ಲಿ ಒಂದು ಮಾನವಿತ್ತು. ಊರಲ್ಲಿ ಯಾವ ಕುರಿ ಕಡಿದರೂ ಅದರ ಕೊರಳಿನ ಮಾಂಸ ನಮ್ಮ ಮನೆಗೆ ಬರಬೇಕು. ಯಾವ ಕಾಲದಲ್ಲಿ ಯಾರು ಕೊಟ್ಟದ್ದೋ ಅವರಿಗೂ ಗೊತ್ತಿರಲಿಲ್ಲ. ಕೇಳಿ ಪಡೆಯುವುದಾದರೆ ತೊಡೆ ಕೇಳಬೇಕಿತ್ತು, ಹೋಗಿ ಹೋಗಿ ಎಲುಬು ತುಂಬಿದ ಕೊರಳೇಕೆ ಎಂದು ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬಾಯಿ ಬಿಟ್ಟಿದ್ದೆ. ಅಂದಿನಿಂದ ಅತ್ತೆ ರುಕ್ಮವ್ವನ ಕಣ್ಣಿಗೆ ನಾನು ಕಸ.

ಆ ಕೊರಳಿನ ಸಾರು ನನಗಿಲ್ಲ. ಸೊಸೆಯಾದವಳು ಮಗು ಹೆತ್ತ ಮೇಲೆಯೇ ಮನೆಯವಳು, ಅಲ್ಲಿಯವರೆಗೆ ಹೊರಗಿನವಳು ಎಂಬುದು ಅವರ ಕಟ್ಟಳೆ. ಉಪ್ಪು ನೋಡಲೂ ನಾಲಿಗೆಗೆ ತಾಗಿಸುವಂತಿರಲಿಲ್ಲ. ಎಲ್ಲರಿಗೂ ಬಡಿಸಿ ನಾನು ಮೂಲೆಯಲ್ಲಿ ಕೂತು ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದೆ.

ಎಂಬತ್ತಾರರ ಸುಮಾರಿಗೆ ರಾಯಬಾಗದ ಕಡೆ ಕಬ್ಬಿನ ರೊಕ್ಕ ಓಡಾಡತೊಡಗಿತು. ವಾರಕ್ಕೊಂದು ಕುರಿ ಕಡಿಯುತ್ತಿದ್ದ ಇಬ್ರಾಹಿಮ ದಿನವೂ ಕಡಿಯತೊಡಗಿದ. ಅವನು ಕೊರಳು ಕೊಡುವ ಮುಂಚೆ ಗಂಟಲ ಕೊಳವೆಯ ಮಗ್ಗುಲಿನ ಕೆಂಪು ಗಡ್ಡೆಗಳನ್ನು ಕಿತ್ತು ನಾಯಿಗೆ ಎಸೆಯುತ್ತಿದ್ದ. ಅವನಪ್ಪನೂ ಹಾಗೇ ಮಾಡುತ್ತಿದ್ದನಂತೆ. ಮಾವ ಅದನ್ನು ನೋಡಿಬಿಟ್ಟರು. ತಮ್ಮ ಮಾನ ಚೂರುಚೂರಾಗಿ ನಾಯಿಯ ಪಾಲಾಗುತ್ತಿದೆ ಎಂದು ಪಂಚರನ್ನು ಕೂಡಿಸಿದರು. ಇನ್ನು ಮುಂದೆ ಕೊರಳು ಇಡಿಯಾಗಿ ಬರಬೇಕು, ಏನೂ ತೆಗೆಯಕೂಡದು ಎಂದು ತೀರ್ಪಾಯಿತು. ಅಂದು ಮಾವ ಮೀಸೆ ತಿರುವುತ್ತ ಮನೆಗೆ ಬಂದರು.

ಕೆಲವು ವಾರಗಳಲ್ಲಿ ಮನೆಗೆ ಗರ ಬಡಿಯಿತು. ಮಾವ ಪುಷ್ಯ ಮಾಸದ ಚಳಿಯಲ್ಲಿ ಬರಿಮೈಯಲ್ಲಿ ಅಂಗಳದಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಅತ್ತೆ ಉಂಡು ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿವು ಅನ್ನುತ್ತಿದ್ದಳು, ಉಂಡಷ್ಟೂ ಕಡ್ಡಿಯಾಗುತ್ತಿದ್ದಳು. ನನ್ನ ಗಂಡ ಧರೆಪ್ಪ ಹುಟ್ಟಾ ಮೈಗಳ್ಳ. ಅವನು ನಮ್ಮ ಹೊಲ ಮುಗಿಸಿ ಪಕ್ಕದವರ ಹೊಲವನ್ನೂ ಕೇಳದೆ ಕುಂಟೆ ಹೊಡೆದು ಹರಗಿ ಬಂದ. ಎಲ್ಲರ ಕೈಯೂ ನಡುಗುತ್ತಿತ್ತು, ಎದೆ ಡವಡವ. ಚಹಾ ಕುಡಿಯಲು ಕೂತರೆ ಕಪ್ಪು-ಬಸಿಗಳ ಸದ್ದಿಗೆ ಎಮ್ಮೆ ಬೆದರುತ್ತಿತ್ತು. ಮನೆಯಲ್ಲಿ ಹಾಯಾಗಿ ಉಂಡು, ಮಲಗಿ, ಮೈ ಕೈ ತುಂಬಿಕೊಂಡವಳು ನಾನೊಬ್ಬಳೇ. ಅದೇ ನನ್ನ ತಪ್ಪಾಯಿತು.

ಸೊಸೆ ಮಾಟ ಮಾಡಿಸಿದ್ದಾಳೆ ಎಂದು ಅತ್ತೆ ಊರಿಗೆಲ್ಲ ಸಾರಿದಳು. ನನ್ನನ್ನು ಕಾಗವಾಡದ ತವರಿಗೆ ಅಟ್ಟಿಬಿಡಲು ಟ್ರಂಕು ಕಟ್ಟಿ ಪಡಸಾಲೆಯಲ್ಲಿಟ್ಟಳು. ಧರೆಪ್ಪ ಟ್ರಂಕು ನೋಡಿದ, ನನ್ನ ಮುಖ ನೋಡಿದ, ಎದ್ದು ಇನ್ನೊಬ್ಬರ ಹೊಲ ಹರಗಲು ಹೋದ.

ಕಳಿಸುವ ಮುಂಚೆ ಒಮ್ಮೆ ಡಾಕ್ಟರಿಗೆ ತೋರಿಸೋಣವೆಂದು ಮಾವ ಅಂದದ್ದರಿಂದ ರಾಯಬಾಗದಲ್ಲಿ ರೈಲು ಹತ್ತಿ ಎಲ್ಲರೂ ಮಿರಜಕ್ಕೆ ಹೋದೆವು. ರಕ್ತ ನೋಡಿದ ಡಾಕ್ಟರು, ಮೂವರಿಗೂ ಥೈರಾಯಿಡ್ ರಸ ಹೆಚ್ಚಾಗಿದೆ ಎಂದರು. ಗಂಟಲಲ್ಲಿರುವ ಆ ಗ್ರಂಥಿಯೇ ಮೈಯ ವೇಗ ನಡೆಸುವುದಂತೆ. ಮೈಯೇ ತಿರುಗಿಬಿದ್ದು ಅದನ್ನು ಕೆಣಕಿದರೆ ಹೀಗಾಗುತ್ತದೆ, ಒಳಗೆ ಗಂಟು ಬೆಳೆದರೆ ಆಗುತ್ತದೆ, ಬಾವು ಬಂದರೂ ಆಗುತ್ತದೆ, ಅಯೋಡಿನ್ ಹೆಚ್ಚಾದರೂ ಆಗುತ್ತದೆ. ಆದರೆ ಇಡೀ ಮನೆಗೆ ಒಂದೇ ಸಲ ಹೀಗಾಗುವುದು ವಿಚಿತ್ರ, ಯಾರಾದರೂ ಊಟದಲ್ಲಿ ಥೈರಾಯಿಡ್ ಗುಳಿಗೆ ಬೆರೆಸುತ್ತಿದ್ದಾರೆಯೇ ಎಂದು ಕೇಳಿದರು.

ಅತ್ತೆ ನಡುಗುವ ಬೆರಳನ್ನು ನನ್ನತ್ತ ಚಾಚಿದಳು. ಅದು ಎಷ್ಟು ನಡುಗುತ್ತಿತ್ತೆಂದರೆ ಒಮ್ಮೆ ನನ್ನನ್ನೂ ಒಮ್ಮೆ ನರ್ಸಮ್ಮನನ್ನೂ ತೋರಿಸುತ್ತಿತ್ತು. ಮಾಟವಾದರೆ ತವರುಮನೆ, ಗುಳಿಗೆಯಾದರೆ ಪೊಲೀಸರು.

ಡಾಕ್ಟರು ನನ್ನತ್ತ ತಿರುಗಿ, ಇವರು ಉಣ್ಣುವ, ನೀನು ಉಣ್ಣದ ಪದಾರ್ಥ ಯಾವುದಾದರೂ ಇದೆಯೇ ಎಂದರು.

"ಕೊರಳ್ರಿ," ಅಂದೆ. "ಕುರಿ ಕೊರಳು. ಅದು ಮಾನದ್ದರಿ. ಹೊರಗಿನಾಕಿಗೆ ಕೊಡೂದಿಲ್ಲ."

ಗಡ್ಡೆಯ ಸಂಗತಿ, ಪಂಚರ ತೀರ್ಪು ಎಲ್ಲ ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಕುರಿಯ ಥೈರಾಯಿಡ್ ಇರುವುದು ಅಲ್ಲೇ, ಎಷ್ಟು ಕುದಿಸಿದರೂ ಅದರ ರಸ ಸಾಯುವುದಿಲ್ಲ, ಪಂಚರನ್ನು ಕೂಡಿಸಿ ರೋಗ ತಂದುಕೊಂಡವರನ್ನು ಇದೇ ಮೊದಲು ನೋಡಿದ್ದು ಎಂದರು. ತಿನ್ನುವುದು ಬಿಟ್ಟರೆ ಎರಡು ತಿಂಗಳಲ್ಲಿ ಸರಿಹೋಗುತ್ತದೆಯಂತೆ. ನನಗೆ ಅಳು ಬಂತು. ಯಾರೂ ತಪ್ಪಾಯಿತು ಅನ್ನಲಿಲ್ಲ.

ಮನೆಗೆ ಬಂದರೆ ಇಬ್ರಾಹಿಮ ಇಟ್ಟುಹೋದ ಕೊರಳು ಕಾಯುತ್ತಿತ್ತು. ಗಡ್ಡೆ ತೆಗೆದುಬಿಡೋಣವೆಂದೆ. ಪಂಚರ ಮುಂದೆ ಗೆದ್ದದ್ದನ್ನು ಬಿಟ್ಟರೆ ಊರಲ್ಲಿ ತಲೆ ಎತ್ತುವುದು ಹೇಗೆಂದು ಮಾವ ಗುಡುಗಿದರು. ಅತ್ತೆ ಅಂದು ತಾನೇ ಗಡ್ಡೆ ಸಮೇತ ಸಾರು ಮಾಡಿ, ಮೊದಲ ಬಾರಿ ನನಗೆ ಮಣೆ ಹಾಕಿದಳು. ಅವಳ ಕಣ್ಣು ತುಂಬಿತ್ತು. ಮೋಸವಿರಲಿಲ್ಲ, ನಿಜವಾಗಿಯೂ ಪ್ರೀತಿಯಿತ್ತು.

"ಇವತ್ತಿಂದ ನೀ ಈ ಮನಿಯಾಕಿ, ಗಿರಿಜವ್ವಾ," ಅಂದಳು. "ಮಾನ ಕೆಡಬಾರದು. ನಾವಂತೂ ಸೋತೀವಿ, ನೀ ಗಟ್ಟಿ ಅದೀ. ನಿನಗ ತಡೀತೈತಿ."

ತಟ್ಟೆ ನೋಡಿದೆ. ಪಡಸಾಲೆಯಲ್ಲಿ ಟ್ರಂಕು ಇನ್ನೂ ಕಟ್ಟಿದಂತೆಯೇ ಇತ್ತು.

"ನಾ ಹೊರಗಿನಾಕಿ ಇದ್ರನ ಛಲೋರಿ, ಅತ್ತಿ," ಎಂದು ಎದ್ದೆ.

ತವರಿನ ಬಸ್ಸು ಹಿಡಿಯಲೆಂದು ಪಾಲಬಾವಿಯ ಕಡೆ ಹೊರಟಿದ್ದ ಕಬ್ಬಿನ ಗಾಡಿಯಲ್ಲಿ ಟ್ರಂಕಿಟ್ಟು ಕೂತೆ. ಧರೆಪ್ಪ ಬಾಗಿಲಲ್ಲೂ ಕಾಣಲಿಲ್ಲ. ದಾರಿಯುದ್ದಕ್ಕೂ ಅವನನ್ನು ಬೈದೆ. ಪಾಲಬಾವಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ, ಹೊಲಗಳನ್ನು ಅಡ್ಡ ಹಾಯ್ದು ಓಡಿಬಂದು, ಬೆವರಿ ತೊಯ್ದು, ಅವನು ನನಗಿಂತ ಮೊದಲೇ ನಿಂತಿದ್ದ.

"ನಾನೂ ಬರ್ತೀನಿ," ಅಂದ.

ನಡುಗುವ ಕೈಯಲ್ಲಿ ಟ್ರಂಕು ಎತ್ತಿಕೊಂಡ. ನನ್ನ ಹಿಂದೆ ಹೀಗೆ ಓಡಿಬಂದದ್ದು ನನ್ನ ಗಂಡನೋ, ಆ ಕುರಿಯ ಗಡ್ಡೆಯೋ ಯಾರಿಗೆ ಗೊತ್ತು. ಡಾಕ್ಟರು ಹೇಳಿದ್ದು ಎರಡು ತಿಂಗಳು. ನಾನೂ ಅಷ್ಟೇ ಗಡುವು ಕೊಟ್ಟು, ಬಸ್ಸಿನಲ್ಲಿ ಅವನಿಗೆ ಕಿಟಕಿಯ ಪಕ್ಕ ಜಾಗ ಬಿಟ್ಟೆ.