ದಕ್ಷಿಣದ ಬಾಗಿಲು

ಡಿಸೆಂಬರಿನ ಮೊದಲ ಶುಕ್ರವಾರ, ಆಗಷ್ಟೇ ಬೆಳಕು ಹರಿದಿತ್ತು. ಇರ್ವಿಂಗ್ ಊರಿನ ಮನೆಯ ಹಿತ್ತಲಲ್ಲಿ ಲಲಿತಮ್ಮ ಗಾಳಿಗೆ ಕಿತ್ತುಬಂದ ಪ್ಲಾಸ್ಟಿಕ್ ಹಾಳೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಪೈಪು ಬಾಗಿಸಿ ಕಟ್ಟಿದ ಪುಟ್ಟ ಹಸಿರುಮನೆಯ ಬಾಗಿಲು ಅದು. ಒಳಗೆ ಮೊಣಕಾಲೆತ್ತರದ ಬಿಲ್ವದ ಸಸಿ. ಕಟ್ಟಿದ ಹಾಲಪ್ಪ, ಅವಳ ಗಂಡ, ಮಂಗಳವಾರ ತೀರಿಕೊಂಡಿದ್ದ. ಇವತ್ತು ಮಧ್ಯಾಹ್ನದೊಳಗೆ ಮಣ್ಣು.

ಜನ ಬರುತ್ತಿದ್ದಾರೆ, ಒಳಗೆ ಬಂದು ಕೂರು ಎಂದು ಮಗಳು ವಸುಧಾ ಎರಡು ಸಲ ಕರೆದಳು. ಲಲಿತಮ್ಮ ಹೋಗಿ ಕೂತಳು, ಮತ್ತೆ ಎದ್ದು ಬಂದಳು. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಬರುತ್ತದೆಂದು ಮಗಳೇ ಫೋನಿನಲ್ಲಿ ತೋರಿಸಿದ್ದಳು. ಗಿಡ ಕಿತ್ತು ಗ್ಯಾರೇಜಿಗೆ ತಂದರಾಯಿತು ಎಂದ, ಹ್ಯೂಸ್ಟನ್ನಿನಿಂದ ಬಂದಿದ್ದ ಮೈದುನ ಚಿದಾನಂದ್. ಕುಂಡದಿಂದ ನೆಲಕ್ಕಿಳಿಸಿ ತಿಂಗಳೂ ಆಗಿಲ್ಲ, ಬೇರು ಅಲುಗಿದರೆ ಗಿಡ ಹೋಯಿತು ಎಂದಳು ಅವಳು. ಪಕ್ಕದ ಮನೆಯ ಮೋಹನರಾಜ ಕಾಫಿ ಫ್ಲಾಸ್ಕು ಹಿಡಿದು ನಿಂತಿದ್ದ. ಕಿತ್ತುಬಂದ ಆ ಬಾಗಿಲ ಕಡೆ ಅವನು ನೋಡಲಿಲ್ಲ.

*

ಹಾಲಪ್ಪ ಈ ದೇಶಕ್ಕೆ ಬರುವ ಮೊದಲು ರಾಣೆಬೆನ್ನೂರಿನಲ್ಲಿ ಪುಸ್ತಕ, ಪೆನ್ನಿನ ಅಂಗಡಿ ನಡೆಸಿದವನು. ಗಿರಾಕಿ ಕೇಳಿದ್ದು ತನ್ನಲ್ಲಿ ಇಲ್ಲದಿದ್ದರೆ ಪಕ್ಕದ ಅಂಗಡಿಯಿಂದ ತಂದು ಕೊಡುತ್ತಿದ್ದ. ಇಲ್ಲ ಎನ್ನುವುದು ಅವನಿಗೆ ಬರುತ್ತಿರಲಿಲ್ಲ. ಲಿಂಗಪೂಜೆಗೆ ಚಳಿಗಾಲದಲ್ಲೂ ಪತ್ರೆ ಸಿಗಲೆಂದು ಇಲ್ಲಿ ಈ ಹಸಿರುಮನೆ ಕಟ್ಟತೊಡಗಿದ. ಬಿಸಿಲು ಬರುವ ದಕ್ಷಿಣಕ್ಕೆ ಬಾಗಿಲಿಟ್ಟ. ನೋಡಲು ಬಂದ ಮೋಹನರಾಜ ಮೈಸೂರಿನವನು, ವಾಸ್ತು ಬಲ್ಲವನು. ದಕ್ಷಿಣಕ್ಕೆ ಬಾಗಿಲಿಟ್ಟರೆ ಯಮನಿಗೆ ದಾರಿ ಬಿಟ್ಟ ಹಾಗೆ ಎಂದ. ಹಾಲಪ್ಪ ಮರುದಿನವೇ ಎಲ್ಲ ಬಿಚ್ಚಿ ಬಾಗಿಲನ್ನು ಉತ್ತರಕ್ಕೆ ತಿರುಗಿಸಿದ. ಈ ಊರಿನ ಚಳಿಗಾಳಿ ಬರುವುದೇ ಆ ಕಡೆಯಿಂದ ಎಂದು ಹೆಂಡತಿ ರೇಗಿದಳು.

“ಮನಷ್ಯಾ ನೊಂದ್ಕೋತಾನ, ಲಲಿತಾ. ಗಾಳಿ ನೊಂದ್ಕೊಳ್ಳಂಗಿಲ್ಲ.”

*

ಅವರ ಪದ್ಧತಿಯಲ್ಲಿ ಕೂರಿಸಿ ಹೂಳಬೇಕು. ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಬೇಕಾಯಿತು. ಹಣೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗವಿಟ್ಟ ಮೇಲೆ ಲಲಿತಮ್ಮ ಸೆರಗಿನಿಂದ ಬಿಲ್ವದ ಒಂದೇ ಒಂದು ದಳ ತೆಗೆದಿಟ್ಟಳು. ಇನ್ನಷ್ಟು ತರಬಹುದಿತ್ತು ಎಂದು ಚಿದಾನಂದ್ ಮೆಲ್ಲಗೆ ಅಂದ.

“ಸಸಿ ಸಣ್ಣದೈತಿ,” ಎಂದಳು.

ಮಣ್ಣು ಹಾಕುವಾಗಲೂ ಅವಳ ಕಣ್ಣು ಮರಗಳ ತುದಿಯಲ್ಲಿತ್ತು. ಉತ್ತರದ ಗಾಳಿ ಆಗಲೇ ಜೋರಾಗಿತ್ತು.

ಮನೆಗೆ ಬಂದವಳು ನೇರ ಹಿತ್ತಲಿಗೆ ನಡೆದಳು. ಮೋಹನರಾಜ ಹಿಂದೆಯೇ ಬಂದ.

“ಸೂತಕದಲ್ಲಿ ಗಿಡ ಮುಟ್ಟಬಾರದು ಅಂತಾರೆ, ಲಲಿತಮ್ಮನೋರೆ.”

“ನಮ್ಮಲ್ಲಿ ಸೂತಕ ಇಲ್ರಿ,” ಎಂದಳು. “ಈ ಬಾಗ್ಲಾ ಮುಚ್ಚಿ ಆ ಕಡಿ ತೆಗೀಬೇಕು. ಕತ್ತರಿ ಹಿಡೀರಿ.”

“ದಕ್ಷಿಣಕ್ಕಾ?”

“ಯಮ ಬಂದು ಹೋದ. ಯಾವ ಬಾಗ್ಲಿಂದ ಬಂದಾ ಅಂತ ಯಾರರ ನೋಡ್ಯಾರೇನು?”

ಮೋಹನರಾಜ ಕೋಟು ಬಿಚ್ಚಿ ಬೇಲಿಯ ಮೇಲೆ ಹಾಕಿ, ಉತ್ತರದ ಬಾಗಿಲಿಗೆ ಹಲಗೆ ಜಡಿದ. ಚಿದಾನಂದ್ ಪೈಪು ಹಿಡಿದ. ವಸುಧಾ ಒಳಗಿಂದ ದಪ್ಪ ಟೇಪು, ಹಳೆಯ ರಜಾಯಿ ತಂದಳು. ಸಾಂತ್ವನ ಹೇಳಲು ಬಂದವರು ಕಿಟಕಿಯಲ್ಲಿ ನಿಂತು ನೋಡಿದರು. ದಕ್ಷಿಣದ ಹಾಳೆಯನ್ನು ಕತ್ತರಿಸುವಾಗ ಮೋಹನರಾಜನ ಕತ್ತರಿ ಓರೆಯಾಯಿತು. ಲಲಿತಮ್ಮ ಅವನ ಮಣಿಕಟ್ಟನ್ನು ಹಿಡಿದುಕೊಂಡಳು. ಗೆರೆ ನೇರವಾಗಿ ಬಂತು.

ಶನಿವಾರ ಬೆಳಿಗ್ಗೆ ಹುಲ್ಲೆಲ್ಲ ಹೆಪ್ಪುಗಟ್ಟಿದ ಇಬ್ಬನಿಯಿಂದ ಬೆಳ್ಳಗಿತ್ತು. ಹೇಳಿ ಹೋಗಲು ಚಿದಾನಂದ್ ಹಿತ್ತಲಿಗೆ ಬಂದ. ಪ್ಲಾಸ್ಟಿಕ್ಕಿನ ಒಳಮೈ ಬೆವೆತು ಏನೂ ಕಾಣುತ್ತಿರಲಿಲ್ಲ. ಒಳಗಿಂದ ಒಂದು ಅಂಗೈ ಆ ಹನಿಯನ್ನು ದುಂಡಗೆ ಒರೆಸಿತು. ಅಲ್ಲಿ ಮೊದಲು ಮೂರೆಲೆಯ ಹಸಿರು ಕುಡಿ ಕಂಡಿತು, ಅದರ ಹಿಂದೆ ಅತ್ತಿಗೆಯ ಮುಖ. ಹೋಗಿ ಬಾ ಎನ್ನುವಂತೆ ಅವಳು ತಲೆಯಾಡಿಸಿದಳು. ಅವನು ಹ್ಯೂಸ್ಟನ್ನಿಗೆ ಹೊರಟ.