ಹತ್ತನೆಯವಳ ಹೆಜ್ಜೆ

ಹನ್ನೊಂದನೆಯ ಕಂತಿನಲ್ಲಿ ಕೆಸರಿನ ಮೇಲೆ ಕಂಡ ಹೆಜ್ಜೆ ತದಡಿಯ ಗಂಗೆಯದು. ಕೊನೆಯಲ್ಲಿ ಹಾಕಿದ ಹೆಸರು ಸೋಮಿಯದು.

ಧಾರಾವಾಹಿಯ ಕಥೆ ಇಷ್ಟು: ಹಡಗು ಒಡೆದು ಒಂಬತ್ತು ಮಂದಿ ಯಾರೂ ಇಲ್ಲದ ದ್ವೀಪವೊಂದನ್ನು ಸೇರುತ್ತಾರೆ. ಹತ್ತು ಕಂತುಗಳ ತನಕ ಅಳುತ್ತಾರೆ, ಕಚ್ಚಾಡುತ್ತಾರೆ, ಒಬ್ಬರನ್ನೊಬ್ಬರು ಅನುಮಾನಿಸುತ್ತಾರೆ. ಹನ್ನೊಂದನೆಯದರಲ್ಲಿ ಬೆಳಗೆದ್ದು ನೋಡಿದರೆ ಕೆಸರಿನಲ್ಲೊಂದು ಹೆಜ್ಜೆಸಾಲು, ಒಂಬತ್ತು ಜನರಲ್ಲಿ ಯಾರ ಪಾದಕ್ಕೂ ಹೊಂದದ್ದು. ಹಾಗಾದರೆ ಹತ್ತನೆಯವರು ಯಾರು?

ಆ ‘ಯಾರೂ ಇಲ್ಲದ ದ್ವೀಪ’ವೆಂದರೆ ಅಘನಾಶಿನಿ ಹೊಳೆಯ ನಡುವೆ ಇಳಿತದ ಹೊತ್ತಿಗೆ ಮೇಲೇಳುವ ದಿಬ್ಬ. ಅದರ ಸುತ್ತ ದಿನಾ ನಲವತ್ತು ಹೆಂಗಸರು ಸೊಂಟದುದ್ದ ನೀರಿನಲ್ಲಿ ನಿಂತು ಬಳಚೆಂಬ ಚಿಪ್ಪುಮೀನು ಹೆಕ್ಕುತ್ತಾರೆ. ಚಿಪ್ಪಿನೊಳಗಿನ ಆ ಹಿಡಿ ಮಾಂಸದ ಮೇಲೆ ನಲವತ್ತು ಮನೆಗಳ ಒಲೆ ಉರಿಯುತ್ತದೆ. ಚಿತ್ರೀಕರಣದ ದಿನ ಅವರೆಲ್ಲರನ್ನೂ ದಡಕ್ಕೆ ಅಟ್ಟಿದರು. ಯಾರೂ ಇಲ್ಲವೆಂದು ತೋರಿಸಬೇಕಾದರೆ ಇದ್ದವರನ್ನು ಓಡಿಸಲೇಬೇಕಲ್ಲ!

ಆದರೆ ಹತ್ತನೆಯವಳಾಗಿ ನಡೆಯಬೇಕಿದ್ದ ನಟಿ ಕೆಸರಿಗೆ ಕಾಲಿಟ್ಟವಳೇ ಮೊಣಕಾಲ ತನಕ ಹೂತುಹೋದಳು. ಎಳೆದು ತೆಗೆಯಲು ಮೂವರು ಬೇಕಾದರು. ಆಗ ಸಹಾಯಕ ನಿರ್ದೇಶಕ ಸುಹಾಸ ದಡದತ್ತ ಕೈಮಾಡಿ ಯಾರಾದರೂ ಬನ್ನಿ ಎಂದು ಕರೆದ. ಹೋದವಳು ಗಂಗೆ. ಬಳಚು ಕಣ್ಣಿಗೆ ಕಾಣುವಂಥದ್ದಲ್ಲ. ಅಂಗಾಲಿನಲ್ಲಿ ತಡಕಿ, ಹೆಬ್ಬೆರಳಲ್ಲಿ ಒತ್ತಿ, ಇದೆ ಎಂದು ಖಾತ್ರಿಯಾದ ಮೇಲೆ ಬಗ್ಗಬೇಕು. ಮೂವತ್ತು ವರ್ಷ ಹಾಗೆ ನಡೆದ ಪಾದ ಅಗಲಕ್ಕೆ ಹರಡಿತ್ತು. ಎಡಗಾಲಿನ ಎರಡನೆಯ ಬೆರಳು, ಎಂದೋ ಚಿಪ್ಪು ಸೀಳಿದ್ದು, ಹೆಬ್ಬೆರಳಿನ ಮೇಲೆ ಹತ್ತಿ ಕೂತಿತ್ತು. ಅವಳು ನಡೆದುಹೋದ ಗುರುತು ನೋಡಿ ಸುಹಾಸ ಕುಣಿದಾಡಿದ. “ಇದು ಮನುಷ್ಯರ ಕಾಲೇನಾ ಅಂತ ಜನ ಕೇಳ್ಬೇಕು, ಹಾಗಿದೆ!” ಹೊಗಳಿದನೋ ಬೈದನೋ ಗಂಗೆಗೆ ತಿಳಿಯಲಿಲ್ಲ.

ನಟಿ ಮತ್ತೆ ಕೆಸರಿಗಿಳಿಯಲು ಒಪ್ಪಲಿಲ್ಲ. ಆಮೇಲೆ ಹೊಳೆಯಂಚಿನ ಕಾಂಡ್ಲಾ ಗಿಡಗಳ ಸಂದಿಯಿಂದ ಇಣುಕುವ ಮುಖವೊಂದು ಬೇಕಾಯಿತು. ಗಂಗೆ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. ಸುಹಾಸ ಅವಳನ್ನು ನೋಡಿದ, ಅವಳ ಹಿಂದೆಯೇ ಬಂದು ನಿಂತಿದ್ದ ಸೋಮಿಯನ್ನು ನೋಡಿದ.

“ಈ ಅಕ್ಕನ ಕಣ್ಣು ಚೆನ್ನಾಗಿದೆ,” ಎಂದ. ಗಂಗೆಗೆ ಹೇಳಿದ್ದು, ಸ್ವಲ್ಪ ಪಕ್ಕಕ್ಕೆ ಬನ್ನಿ ಎಂದಷ್ಟೆ.

ಬೇರೆ ಯಾರಾದರೂ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಸೋಮಿ ಅವಳದೇ ಓರಗೆಯವಳು. ಒಂದೇ ವರ್ಷ ಮದುವೆಯಾಗಿ ಒಂದೇ ಕೇರಿಗೆ ಬಂದವರು, ಒಂದೇ ದೋಣಿಯಲ್ಲಿ ಹೋಗಿ ಬರುವವರು. ಬಳಚಿನ ಜಾಗವನ್ನು ಕಾಲಿನಲ್ಲಿ ಓದುವುದನ್ನು ಸೋಮಿಗೆ ಕಲಿಸಿದವಳೇ ಗಂಗೆ.

ಕಂತು ಬಂದ ಸಂಜೆ ರಮಾನಂದನ ಚಾದಂಗಡಿಯ ಟೀವಿಯ ಮುಂದೆ ಕೇರಿಗೆ ಕೇರಿಯೇ ನೆರೆದಿತ್ತು. ಪರದೆಯ ತುಂಬ ಹೆಜ್ಜೆ ಬಂತು, ಬೆರಳ ಮೇಲೆ ಹತ್ತಿದ ಬೆರಳಿನ ಸಮೇತ.

“ಅದು ನನ್ ಕಾಲು,” ಎಂದಳು ಗಂಗೆ.

ಮುಂದೆ ಕೂತಿದ್ದ ದುರ್ಗಮ್ಮ ತಿರುಗಿದಳು. “ಹೌದೇನೆ? ಹಾಗಾರೆ ಈಚೆ ಚಾಚು, ನಾ ಅಡ್ಡ ಬೀಳ್ತೆ. ಸುಮ್ನೆ ಕೂತ್ಕೊಳ್ಳೆ ಮಾರಾಯ್ತಿ, ಈಗ ಸೋಮಿ ಬತ್ತದೆ!”

ಎಲ್ಲರೂ ನಕ್ಕರು. ಗಂಗೆಯ ಗಂಡ ಉಮೇಶನೂ ನಕ್ಕ. ಸೋಮಿಯ ಮುಖ ಬಂದಾಗ ಎದ್ದ ಕೂಗಿಗೆ ಚಾದ ಗ್ಲಾಸುಗಳು ಅಲುಗಾಡಿದವು.

ಮರುದಿನದಿಂದ ಕುಮಟಾ ಪೇಟೆಯಲ್ಲಿ ಸೋಮಿ ‘ದ್ವೀಪದಕ್ಕ’ ಆದಳು. ಹೊನ್ನಾವರದಿಂದ ಬಂದವರು ಅವಳ ಬುಟ್ಟಿಯ ಬಳಚನ್ನೇ ಕೇಳಿ ಕೊಂಡರು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಫೋಟೋದ ಅಂಚಿನಲ್ಲಿ ಅರ್ಧ ಸಿಕ್ಕಿಕೊಂಡ ಗಂಗೆಯನ್ನು ಬೆರಳಲ್ಲಿ ಒತ್ತಿ ಕತ್ತರಿಸಿದರು. ಸುಣ್ಣಕ್ಕೆಂದು ಚಿಪ್ಪು ಸುಡುವ ಗೂಡಿನ ಹಾಗೆ ಅವಳ ಹೊಟ್ಟೆ ಹೊಗೆಯಿಲ್ಲದೆ ಉರಿಯಿತು. ಹೊಸ ಬಳಚು ಕೂತ ಜಾಗವನ್ನು ಸೋಮಿಗೆ ಹೇಳುವುದನ್ನು ಬಿಟ್ಟಳು. ಸೋಮಿಯ ಬುಟ್ಟಿ ಅರ್ಧಕ್ಕೇ ನಿಂತ ದಿನ ಎದೆ ತಣ್ಣಗಾಯಿತು; ಆ ಅರ್ಧ ಬುಟ್ಟಿಯೇ ಮೊದಲು ಖಾಲಿಯಾದಾಗ ಮತ್ತೆ ಹೊತ್ತಿಕೊಂಡಿತು. ಸೋಮಿ ನಕ್ಕರೆ ಸಿಟ್ಟು, ನಗದಿದ್ದರೆ ‘ಈಗ ನಮ್ಮ ಹತ್ತಿರ ನಗುವುದಕ್ಕೂ ಆಗದೋ’ ಎಂಬ ಸಿಟ್ಟು.

ಮುರ್ಡೇಶ್ವರದ ಹೋಟೆಲೊಂದು ಸೋಮಿಯನ್ನು ಕರೆದು ಶಾಲು ಹೊದೆಸಿತು. ಅದರ ವಿಡಿಯೋವನ್ನು ಉಮೇಶ ತನ್ನ ಮೊಬೈಲಿನಲ್ಲಿ ತೋರಿಸಿದ. ಮೈಕು ಹಿಡಿದವನು ಆ ಹೆಜ್ಜೆಯ ಬಗ್ಗೆ ಕೇಳಿದ. ಸೋಮಿ ಸೀರೆಯ ನಿರಿಗೆ ಎತ್ತಿ ಬಣ್ಣ ಹಚ್ಚಿದ ಬೆರಳುಗಳ ಪಾದವನ್ನು ಮುಂದೆ ಮಾಡಿದಳು. “ಇದೇ ಕಾಲು,” ಎಂದಳು. ಚಪ್ಪಾಳೆ ಬಿತ್ತು. ಬೆರಳು ನೆಟ್ಟಗಿದೆಯಲ್ಲ ಎಂದು ಒಬ್ಬನೂ ಕೇಳಲಿಲ್ಲ.

ಮಾರನೆಯ ದಿನ ನೀರಿನಲ್ಲಿ ಗಂಗೆ ಅವಳ ಎದುರಿಗೇ ಹೋಗಿ ನಿಂತಳು.

“ಅಲ್ವೆ ಸೋಮಿ, ಅದು ನಿನ್ ಕಾಲೇನೆ?”

“ಎಂತ ಮಾಡೂದೆ? ಅಷ್ಟು ಜನರ ಎದ್ರಿಗೆ ನಂದಲ್ಲ ಹೇಳೂಕೆ ಆಗ್ತದ್ಯೆ? ಬಾಯಿಗೆ ಬಂತು, ಹೇಳ್ದೆ. ನಿಂಗೆಂತ, ಕಾಲು ಸವ್ದು ಹೋಯ್ತೆ?”

ಗಂಗೆ ಮಾತು ಬಿಟ್ಟಳು. ಒಂದೇ ದೋಣಿಯ ಎರಡು ತುದಿಗಳಲ್ಲಿ ಕೂತು ಬೇರೆ ಬೇರೆ ದಡ ನೋಡುತ್ತ ಹೋಗಿ ಬಂದರು.

ಮೂರು ವಾರ ಕಳೆದು ಸುಹಾಸ ಮತ್ತೆ ಬಂದ. ಕೊನೆಯ ಕಂತಿನಲ್ಲಿ ಹತ್ತನೆಯವಳು ಹೊಳೆಯಿಂದೆದ್ದು ಕೆಸರು ದಾಟಿ ಬಂದು ಆ ಒಂಬತ್ತು ಜನರ ಎದುರು ನಿಲ್ಲಬೇಕು. ಮಧ್ಯಾಹ್ನದ ಇಳಿತಕ್ಕೆ ದಿಬ್ಬ ಎದ್ದಿತ್ತು. ಹೆಂಗಸರನ್ನು ಮತ್ತೆ ದಡಕ್ಕೆ ಅಟ್ಟಿದರು.

“ಮೊದಲು ಗಂಗಮ್ಮ ನಡೀತಾರೆ,” ಎಂದು ಸುಹಾಸ ವಿವರಿಸಿದ. “ತುದಿಗೆ ಬಂದು ಪಕ್ಕದ ಹಲಗೆ ಮೇಲೆ ಹತ್ತಿಬಿಡಿ. ಅಲ್ಲಿ ಸೋಮಕ್ಕ ನಿಲ್ತಾರೆ. ಕ್ಯಾಮರಾ ಹೆಜ್ಜೆ ಹಿಡ್ಕೊಂಡು ಬಂದು ಅವರ ಮುಖಕ್ಕೆ ಏರುತ್ತೆ.”

“ಹೆಸರು ಯಾರದು ಹಾಕ್ತ್ರಿ?”

“ಪಾತ್ರ ಒಂದು, ಹೆಸರೂ ಒಂದೇ ಅಲ್ವಾ ಗಂಗಮ್ಮ? ಎರಡು ಹೆಸರು ಹಾಕಿದ್ರೆ ರಹಸ್ಯ ಎಲ್ಲಿ ಉಳಿಯುತ್ತೆ?”

“ರಹಸ್ಯ ನಿಮ್ದು. ಕಾಲು ನಂದು.”

ಸುಹಾಸ ಗಡಿಯಾರ ನೋಡಿದ. ದಡದಿಂದ ಉಮೇಶ ಕೂಗಿದ: “ನಡಿಯೆ ಗಂಗೆ, ಹತ್ತು ಹೆಜ್ಜೆ! ದಿನಾ ನಡೂದೇ ಅಲ್ದಾ?”

ಹೆಸರು ಹಾಕಿದರೂ ಈ ಉರಿ ಆರುವುದಿಲ್ಲವೆಂದು ಗಂಗೆಗೆ ಗೊತ್ತಿತ್ತು. ಹೆಸರು ಸಣ್ಣಕ್ಷರದಲ್ಲಿ ಓಡಿಹೋಗುತ್ತದೆ, ಮುಖ ಉಳಿಯುತ್ತದೆ. ಆ ಮುಖ ಇನ್ನು ಸಾಯುವ ತನಕ ಸೋಮಿಯದೇ. ಆದರೂ ಕೇಳಿದಳು.

“ಸೋಮಿ ಹೇಳ್ಲಿ. ಮುರ್ಡೇಶ್ವರದಲ್ಲಿ ಹೇಳ್ದಾಂಗೆ ಇಲ್ಲೂ ಹೇಳ್ಲಿ, ಎಲ್ಲರ ಎದ್ರಿಗೆ, ಕಾಲು ಗಂಗೆದು ಹೇಳಿ. ಆಗ ನಡೀತೆ.”

ಹರಿದ ಸೀರೆಯ ವೇಷದಲ್ಲಿ ನಿಂತಿದ್ದ ಸೋಮಿ ದಡದ ಜನರನ್ನೊಮ್ಮೆ ನೋಡಿದಳು. “ಮಳ್ಳು ಹಿಡೀತನೆ ನಿಂಗೆ?” ಎಂದವಳೇ ಸುಹಾಸನತ್ತ ತಿರುಗಿದಳು. “ನಾನೇ ನಡೀತೆ, ತಕ್ಕಳಿ.”

ನಡೆದಳು. ಅಂದವಾದ, ನೆಟ್ಟಗಿನ ಹೆಜ್ಜೆಗಳು ಬಿದ್ದವು. ಸುಹಾಸ ಬಗ್ಗಿ ನೋಡಿ ತಲೆಯಾಡಿಸಿದ. “ಇದು ಎಲ್ಲರ ಕಾಲಿನ ಹಾಗೇ ಇದೆ. ನಡೆಯಲ್ಲ.” ಗಂಗೆಯ ತುಟಿಯ ಮೇಲೆ ಬಂದ ನಗು ಅಷ್ಟೇನೂ ಒಳ್ಳೆಯ ನಗುವಾಗಿರಲಿಲ್ಲ.

ಇಳಿತ ಮುಗಿದು ನೀರು ತಿರುಗಿತು. ದಿಬ್ಬದ ಅಂಚು ಕರಗತೊಡಗಿತು.

“ಗಂಗಮ್ಮಾ, ಇನ್ನು ಹತ್ತು ನಿಮಿಷ ಅಷ್ಟೆ. ನಡೀರಿ!” ಸುಹಾಸನ ದನಿ ಈಗ ಕೇಳಿಕೊಳ್ಳುವುದಾಗಿರಲಿಲ್ಲ, ಅಪ್ಪಣೆಯಾಗಿತ್ತು.

ಸೋಮಿ ಹತ್ತಿರ ಬಂದು ದನಿ ತಗ್ಗಿಸಿದಳು. “ನಡಿಯೆ. ಊರಿಗೆಲ್ಲ ಹೇಳ್ಕಂಡಾಗದೆ. ನನ್ ಮರ್ಯಾದಿ ಉಳ್ಸೆ ಗಂಗೆ.”

ಗಂಗೆ ದಿಬ್ಬಕ್ಕೆ ತಾಗಿ ನಿಂತಿದ್ದ ದೋಣಿಯ ಅಂಚಿನ ಮೇಲೆ ಕೂತು ಎರಡೂ ಕಾಲುಗಳನ್ನು ಮೇಲೆಳೆದುಕೊಂಡಳು.

“ನಿನ್ ಮರ್ಯಾದಿ ನೀನೇ ನಡ್ದು ಉಳ್ಸ್ಕ. ನಾ ನಡೂದಿಲ್ಲ.”