ಗಂಟೆಗೆ ಅರವತ್ತು ಕಾಲರ್

ಸಕ್ಕುಬಾಯಿಯ ಮಗಳು ಜಯಮಾಲಾ ಕಲಬುರಗಿಯಲ್ಲಿ ಫ್ಯಾಶನ್ ಡಿಸೈನ್ ಓದುತ್ತಾಳೆಂದರೆ ಅವರ ಊರು ನೆಲೋಗಿಯ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಬಟ್ಟೆ ಹೊಲಿಯುವುದಕ್ಕೂ ಯೂನಿವರ್ಸಿಟಿಯೇ ಎಂಬುದು ಅವರ ಮಾತು. ಹೊಲಿಯುವುದು ಬೇರೆ, ಯಾವ ಅಂಗಿ ಎಷ್ಟು ಹೊತ್ತಿನಲ್ಲಿ ತಯಾರಾಗಿ ಯಾವ ಅಂಗಡಿ ಸೇರಬೇಕೆಂದು ನೋಡುವುದು ಬೇರೆ, ಅದಕ್ಕೆ ಮರ್ಚಂಡೈಸಿಂಗ್ ಅನ್ನುತ್ತಾರೆ ಎಂದು ಮಗಳು ಹೇಳಿಕೊಟ್ಟಿದ್ದಳು. ಆ ಶಬ್ದ ಸಕ್ಕುಬಾಯಿಯ ನಾಲಿಗೆಗೆ ಹತ್ತಲಿಲ್ಲ. ಹತ್ತು ವರ್ಷದಿಂದ ಜೇವರ್ಗಿಯ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಅಂಗಿಗೆ ಕಾಲರ್ ಕೂಡಿಸುತ್ತಿದ್ದವಳಿಗೆ ಇಷ್ಟು ಗೊತ್ತಿದ್ದರೆ ಸಾಕಿತ್ತು: ಮಗಳು ಈ ಮೆಷಿನ್ನಿನ ಮುಂದೆ ಬೆನ್ನು ಬಗ್ಗಿಸುವುದಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಕಾಲೇಜಿನವರು ಜಯಮಾಲಾಳನ್ನು ಅದೇ ಫ್ಯಾಕ್ಟರಿಗೆ ಕಳಿಸಿದರು. ಒಂದು ಕಾಲರ್ ಕೂಡಿಸಲು ಎಷ್ಟು ಹೊತ್ತು ಬೇಕೆಂದು ಅಳೆದು ವರದಿ ಬರೆಯುವುದೇ ಆ ಪ್ರಾಜೆಕ್ಟು. ಮ್ಯಾನೇಜರ್ ಕಲ್ಯಾಣಕುಮಾರ ನಕ್ಕು, "ನಿಮ್ಮವ್ವನ ಲೈನಿನ್ಯಾಗೇ ನಿಂದರ್ರಿ" ಎಂದ.

ಮೊಬೈಲಿನಲ್ಲಿ ಗಡಿಯಾರ ಹಚ್ಚಿಕೊಂಡು ಮಗಳು ಬೆನ್ನ ಹಿಂದೆ ನಿಂತಳು. "ಯವ್ವಾ, ದಿನಾ ಹೆಂಗ ಹೊಲಿತಿ ಹಂಗೇ ಹೊಲಿ" ಅಂದಳು.

ಸಕ್ಕುಬಾಯಿ ಹೂಂ ಅಂದಳು, ಆದರೆ ಕೇಳಲಿಲ್ಲ. ಹೇಗೆ ಕೇಳುತ್ತಾಳೆ? ಪರೀಕ್ಷೆಯ ಬಗ್ಗೆ ಅವಳು ತಿಳಿದದ್ದು ಒಂದೇ, ನಂಬರ್ ಎಷ್ಟು ಹೆಚ್ಚು ಬಂದರೆ ಅಷ್ಟು ಒಳ್ಳೆಯದು. ಮಗಳ ಪರೀಕ್ಷೆಯಲ್ಲಿ ತನ್ನ ಕೈಯಿಂದ ಕಡಿಮೆ ಬೀಳಬಾರದು, ನಡುವೆ ಏಳುವುದು ಬೇಡ ಎಂದು ಅವಳು ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ. ಪಕ್ಕದ ಮೆಷಿನ್ನಿನ ಮೆಹರಾಜಬೇಗಂ ತನ್ನ ಕೆಲಸ ಬಿಟ್ಟು ತುಂಡುಗಳನ್ನು ಒಂದೊಂದಾಗಿ ಅವಳ ಕೈಗೆ ಸರಿಸಿಕೊಟ್ಟಳು. "ನಮ್ಮ ಪೋರಿ ಪಾಸಾಗ್ಲಿ ಬೇ" ಎನ್ನುವುದು ಅವಳ ಹುರುಪು. ಸಕ್ಕುಬಾಯಿ ಹತ್ತು ವರ್ಷದಲ್ಲಿ ಎಂದೂ ತುಳಿಯದ ಹಾಗೆ ಪೆಡಲ್ ತುಳಿದಳು. ಒಂದು ಗಂಟೆಗೆ ಅರವತ್ತು ಕಾಲರ್ ಆದವು.

ಜಯಮಾಲಾ ಗೋಡೆಯ ಬೋರ್ಡಿನ ಕಡೆ ನೋಡಿದಳು. ಅಲ್ಲಿ ಸಕ್ಕುಬಾಯಿಯ ಹೆಸರಿನ ಮುಂದೆ ವಾರದ ಆರೂ ದಿನ ಗಂಟೆಗೆ ನಲವತ್ತು ಎಂದೇ ಬರೆದಿತ್ತು. ನೋಡಿದವಳು ಕಣ್ಣು ತಿರುಗಿಸಿ ತನ್ನ ಹಾಳೆಯಲ್ಲಿ ಅರವತ್ತು ಎಂದು ಬರೆದುಕೊಂಡಳು. "ಯವ್ವಾ, ನೀ ಭಾರಿ ಇದ್ದಿ ಬೇ!" ಎಂದಳು. ಸಕ್ಕುಬಾಯಿಯ ಎದೆ ಉಬ್ಬಿತು. ಸಂಜೆ ಬಸ್ಸಿನಲ್ಲಿ ಎಲ್ಲರಿಗೂ ಪೇಢೆ ಹಂಚಿದಳು, ಪಾಪ.

ಪೇಢೆ ತಿಂದವರಿಗೆ ಅದು ತಿಂಗಳೊಳಗೆ ಕಹಿಯಾಯಿತು. ವರದಿಯ ಒಂದು ಪ್ರತಿ ಆಫೀಸಿಗೂ ಹೋಗಿತ್ತು. ಕಾಲರ್ ಕೂಡಿಸುವ ಹನ್ನೆರಡು ಜನಕ್ಕೂ ಟಾರ್ಗೆಟ್ ಅರವತ್ತು ಎಂದು ಬೋರ್ಡಿನಲ್ಲಿ ಬರೆದರು. "ಸಕ್ಕುಬಾಯಿಗಿ ಆಗ್ತದ, ನಿಮಗ್ಯಾಕ ಆಗಲ್ಲ?" ಎಂದು ಸೂಪರ್‌ವೈಸರ್ ದಿನವಿಡೀ ಬೆನ್ನು ಹತ್ತಿದ. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ಅವಸರದಲ್ಲಿ ಅದೇ ಲೈನಿನ ಸುಂದರಬಾಯಿಯ ಬೆರಳಿಗೆ ಸೂಜಿ ಇಳಿದು ಉಗುರಿನಲ್ಲೇ ಮುರಿಯಿತು. ಇನ್ನು ಸಕ್ಕುಬಾಯಿ? ಮೈಯೆಲ್ಲ ಕೈ ಮಾಡಿಕೊಂಡರೂ ಅವಳಿಗೆ ನಲವತ್ತೈದು ದಾಟಲಿಲ್ಲ. ತನ್ನದೇ ಅರವತ್ತು ತನಗೇ ಮುಟ್ಟಲಿಲ್ಲ.

"ನಿನ್ನ ಮಗಳಿಗಿ ನಂಬರ್ ಬಂತು, ನಮ್ಮ ಜೀವ ಹೋಗಾಕತ್ತದ" ಎಂದಳು ಮೆಹರಾಜಬೇಗಂ. ಬೈಗುಳವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ತುಂಡು ಸರಿಸಿ ಕೊಟ್ಟಾಕಿ ನಾನೇ, ನಂದೂ ತಪ್ಪದ. ಹೋಗಿ ಸಾಹೇಬ್ರಿಗಿ ಖರೇ ಹೇಳು ಬೇ. ಅವತ್ತೊಂದಿನ ಮಗಳ ಸಲುವಾಗಿ ಓಡಿಸೀನಿ ಅಂತ ಹೇಳು. ನೀ ಹೇಳಿದ್ರ ಟಾರ್ಗೆಟ್ ಇಳಸ್ತಾರ."

ಸಕ್ಕುಬಾಯಿ ಹೇಳುತ್ತೇನೆಂದು ಮಾತು ಕೊಟ್ಟಳು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹನ್ನೊಂದು ಹೆಂಗಸರನ್ನು ಬಾಗಿಲ ಹೊರಗೆ ನಿಲ್ಲಿಸಿ ಒಳಗೆ ಹೋದಳು. ಅಲ್ಲಿ ಕಲ್ಯಾಣಕುಮಾರನ ಎದುರಿನ ಕುರ್ಚಿಯಲ್ಲಿ ಜಯಮಾಲಾ ಕೂತಿದ್ದಳು. ವರದಿ ಮೆಚ್ಚಿ ಅವನೇ ಕರೆಸಿ ನೌಕರಿ ಕೊಡುತ್ತಿದ್ದ.

"ಸಾಹೇಬ್ರ, ಆ ಅರವತ್ತು ಅದಲ್ಲರಿ, ಅವತ್ತ ನಾ..." ಎಂದು ಸಕ್ಕುಬಾಯಿ ಶುರು ಮಾಡಿದಳು.

"ಯಾಕ, ವರದಿ ಸುಳ್ಳೇನು?" ಕಲ್ಯಾಣಕುಮಾರನ ದನಿ ಏರಲಿಲ್ಲ. ಬೋರ್ಡಿನ ನಲವತ್ತು ಅವನಿಗೂ ಗೊತ್ತಿತ್ತು, ಆದರೆ ಅವನಿಗೆ ಬೇಕಾದದ್ದು ಅರವತ್ತು. "ಸುಳ್ಳಿದ್ರ ಹೇಳ್ರಿ. ಕಾಲೇಜಿಗಿ ಬರೀತೇನಿ. ಆಮ್ಯಾಲ ಡಿಗ್ರಿ ಏನಾಗ್ತದೋ ಅವರಿಗೇ ಗೊತ್ತು. ಇಲ್ಲಿ ಮಾತ್ರ ನೌಕರಿ ಇಲ್ಲ."

ಮೂರು ವರ್ಷ ಮಗಳನ್ನು ಓದಿಸಿದ್ದು ಒಂದು ಕಡೆ, ಹೊರಗೆ ನಿಂತ ಹನ್ನೊಂದು ಜನ ಇನ್ನೊಂದು ಕಡೆ.

"ಸುಳ್ಳಲ್ಲರಿ. ದಿನಾ ನಂದು ಅಷ್ಟೇ ಅದರಿ. ಈಗ ಜರಾ ಭುಜ ಹಿಡದಾದ, ಅದಕ್ಕ ಕಡಿಮಿ ಬರಾಕತ್ತದ" ಎಂದಳು.

ಹೇಳಿ ಮಗಳ ಮುಖ ನೋಡಿದಳು. ಈಗ ಎದ್ದು ಹೇಳುತ್ತಾಳೆ, ಇಲ್ಲ ಸರ್, ನಮ್ಮವ್ವ ನನಗಾಗಿ ಸುಳ್ಳು ಹೇಳುತ್ತಿದ್ದಾಳೆ, ಬೋರ್ಡಿನ ನಲವತ್ತು ನಾನೇ ನೋಡಿದ್ದೆ ಎನ್ನುತ್ತಾಳೆ. ಹಾಗೆ ಹೇಳಿದರೆ ಮಗಳ ಬಾಳು ಹಾಳು ಎಂಬುದು ಗೊತ್ತಿದ್ದೂ ಆ ತಾಯಿ ಕಾದಳು. ಹೇಳದಿರಲಿ ದೇವರೇ ಎಂದೂ ಬೇಡಿದಳು, ಹೇಳಲಿ ಎಂದೂ ಹಂಬಲಿಸಿದಳು.

ಜಯಮಾಲಾ ಕಾಗದಕ್ಕೆ ಸಹಿ ಮಾಡಿ ಪೆನ್ನು ಮುಚ್ಚಿದಳು. "ಸೋಮವಾರದಿಂದ ಬರ್ತೇನಿ ಸರ್" ಎಂದಳು.

"ಭುಜ ಹಿಡದವರನ್ನ ಲೈನಿನ್ಯಾಗ ಇಟ್ಕೊಳ್ಳಾಕ ಆಗಲ್ಲರಿ" ಎಂದ ಕಲ್ಯಾಣಕುಮಾರ. "ನಾಳಿಂದ ಹೆಲ್ಪರ್‌ಗಳ ಜೋಡಿ ಅಂಗಿಯ ದಾರ ಕತ್ತರಿಸ್ಲಿಕ್ಕ ಕುಂದರ್ರಿ." ಜಯಮಾಲಾ ಅವ್ವನ ಹಿತಕ್ಕೇ ಹೇಳಿದರೆಂಬಂತೆ ತಲೆಯಾಡಿಸಿದಳು.

ಸಕ್ಕುಬಾಯಿ ಹೊರಗೆ ಬಂದಳು. ಬೆರಳಿಗೆ ಬಟ್ಟೆ ಸುತ್ತಿಕೊಂಡ ಸುಂದರಬಾಯಿಯೇ ಎಲ್ಲರಿಗಿಂತ ಮುಂದೆ ನಿಂತಿದ್ದಳು.

"ಹೇಳ್ದೇನ್ ಬೇ?" ಮೆಹರಾಜಬೇಗಂ ಕೇಳಿದಳು.

ಸಕ್ಕುಬಾಯಿ "ನನ್ನ ಮಗಳಿಗಿ ಇಲ್ಲೇ ನೌಕರಿ ಆತು" ಎಂದಳು.

ಮೆಹರಾಜಬೇಗಂ "ಮುಬಾರಕ್" ಎಂದು ಹೇಳಿ ಉಳಿದವರ ಜೊತೆ ಮೆಷಿನ್ನಿಗೆ ಹೋದಳು.